ಕವಳೆ ಬೇಲಿ: ಒಣಗಿದ ಸಾಲು ಮತ್ತೆ ಚಿಗುರಿದ್ದು ಹೇಗೆ

2023ರ ವರಮಹಾಲಕ್ಷ್ಮಿ ಹಬ್ಬದ ಮರುದಿನ, ಆಗಸ್ಟ್ 26ರ ಬೆಳಿಗ್ಗೆ, ನೋಟ್‌ಬುಕ್ ಹಿಡಿದು ಬೇಲಿ ಸಾಲಿನುದ್ದಕ್ಕೂ ನಡೆದೆ. ಎರಡೂವರೆ ತಿಂಗಳ ಹಿಂದೆ ನೆಟ್ಟಿದ್ದ 155 ಕವಳೆ ಗಿಡಗಳು. ಅದರಲ್ಲಿ 58 ಗಿಡಗಳಲ್ಲಿ ಒಂದೂ ಹಸಿರು ಎಲೆ ಇರಲಿಲ್ಲ. ಉಳಿದವುಗಳಲ್ಲೂ ಎಷ್ಟೋ ಗಿಡಗಳ ಎಲೆ ತುದಿಯಿಂದ ಕಂದಿ ಒಳಕ್ಕೆ ಮಡಚಿಕೊಂಡಿತ್ತು. ಹೊಟ್ಟೆ ಚುರುಕ್ ಅಂತು. ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ ಜಾಸ್ತಿ, ದಿನಾ ನೀರು ಕೊಟ್ಟೂ ಹೀಗಾಯಿತಲ್ಲ ಅನ್ನುವ ಸಂಕಟ.

ಆಮೇಲೆ ಎರಡು ವರ್ಷ ಆ ಸಾಲಿಗೆ ಏನೇನು ಮಾಡಿದೆ, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಅನ್ನುವುದನ್ನು ಅದೇ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹೊಸದಾಗಿ ಜೀವಂತ ಬೇಲಿ ಹಾಕಿ, ಗಿಡ ಒಣಗುತ್ತಿದೆ ಅಂತ ಕೈ ಕೈ ಹಿಸುಕಿಕೊಳ್ಳುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬೇಕು.

ಮೊದಲು ಜಾಗ, ಆಮೇಲೆ ಗಿಡ

ನಮ್ಮ ಜಮೀನು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಇದೆ. ಮೂರು ಎಕರೆ, ಹೆಚ್ಚಿನದು ತೆಂಗು. ಮೇಲೆ ಕೆಂಪು ಮಣ್ಣು, ಒಂದೂವರೆ ಅಡಿ ಇಳಿದರೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು. ಪಡುವಣ ಬದು ಸುಮಾರು 310 ಅಡಿ ಉದ್ದ. ಹಿಂದೆ ಅಲ್ಲಿ ಕತ್ತಾಳೆ, ಕಳ್ಳಿ, ಲಕ್ಕಿ ಎಲ್ಲಾ ಹೆಣೆದುಕೊಂಡ ಹಳೇ ಬೇಲಿ ಇತ್ತು. ದಾರಿ ಅಗಲ ಮಾಡುವಾಗ ಜೆಸಿಬಿ ಒಂದೇ ದಿನದಲ್ಲಿ ಅದನ್ನೆಲ್ಲ ಎತ್ತಿ ಹಾಕಿತು. ಆ ಬೇಲಿ ಬೆಳೆಯಲು ಎಷ್ಟು ವರ್ಷ ಹಿಡಿದಿತ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅದು ಇರುವಷ್ಟು ದಿನ ಯಾರೂ ಅದರ ಕಡೆ ನೋಡಿರಲೂ ಇಲ್ಲ.

ಕಲ್ಲು ಕಂಬ, ತಂತಿ ಹಾಕಬಹುದಿತ್ತು. ತಂತಿ ದನಕ್ಕೆ ಸರಿ, ಕಾಡುಹಂದಿ ಕೆಳಗಿನಿಂದ ನುಗ್ಗುತ್ತದೆ. ಅದಕ್ಕೇ ಕವಳೆ ಆರಿಸಿಕೊಂಡೆ. ಕರಾವಳಿಯಲ್ಲಿ ಕರಂಡೆ ಅನ್ನುತ್ತಾರೆ, ಉತ್ತರ ಕನ್ನಡದ ಕಡೆ ಕವಳಿ. ಗಟ್ಟಿ ಮುಳ್ಳು. ಬುಡದಿಂದಲೇ ಕವಲು ಒಡೆಯುತ್ತದೆ. ಒಮ್ಮೆ ಬೇರು ಹಿಡಿದರೆ ಬರಗಾಲಕ್ಕೂ ಜಗ್ಗುವುದಿಲ್ಲ. ಮೇಲೆ ಉಪ್ಪಿನಕಾಯಿಗೆ ಕಾಯಿ. ಒಂದೇ ತೊಂದರೆ, ಮೊದಲೆರಡು ವರ್ಷ ಬಹಳ ನಿಧಾನ.

ಕವಳೆಗೆ ಬೇಲಿ ಕೆಲಸ ಹೊಸದಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸುವವರನ್ನು ತಡೆಯಲು ಉತ್ತರ ಭಾರತಕ್ಕೆ ಅಡ್ಡಲಾಗಿ ಭಾರಿ ಉದ್ದದ ಮುಳ್ಳುಬೇಲಿ ಬೆಳೆಸಿದ್ದರು. ಬೋರೆ, ಜಾಲಿ, ಕಳ್ಳಿಗಳ ಜೊತೆ ಅದರಲ್ಲಿ ಕವಳೆಯೂ ಇತ್ತು. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಓಡಾಡಿದ ಎ. ಓ. ಹ್ಯೂಮ್ ಅವರೇ 1867ರಿಂದ 1870ರವರೆಗೆ ಆ ಸುಂಕ ಇಲಾಖೆಯ ಕಮಿಷನರ್. ಮಣ್ಣು ಕೆಟ್ಟದಿದ್ದ ಕಡೆ ಕಾಲುವೆ ತೋಡಿ, ಬೇರೆ ಕಡೆಯಿಂದ ಮಣ್ಣು ತಂದು ತುಂಬಿಸಿ ಗಿಡ ನೆಡಿಸಬೇಕಾಯಿತು. 1879ರಲ್ಲಿ ಆ ಸುಂಕದ ಗಡಿಯನ್ನೇ ಕೈಬಿಟ್ಟರು. ಜನರಿಗೆ ಉಪ್ಪು ಸಿಗದಂತೆ ಮಾಡಿದ ಬೇಲಿ ಅದು, ಹೊಗಳುವ ವಿಷಯವಲ್ಲ. ಆದರೆ ಅಷ್ಟು ದೊಡ್ಡ ಸರ್ಕಾರಕ್ಕೂ ಬೇಲಿ ಗಿಡ ಹಿಡಿಸುವುದು ಸುಲಭ ಇರಲಿಲ್ಲ ಅನ್ನುವುದು ಆ ಆಗಸ್ಟ್‌ನಲ್ಲಿ ನನಗೆ ಒಂದಿಷ್ಟು ಧೈರ್ಯ ಕೊಟ್ಟಿತು.

ನೆಟ್ಟಿದ್ದು

ಜೆಸಿಬಿಯಿಂದ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆಸಿದೆ. ಮೇಲ್ಮಣ್ಣಿಗೆ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿದೆ. ಜೂನ್ 11, ಮೃಗಶಿರ ಮಳೆ. ಎರಡಡಿಗೊಂದು ಗಿಡ, ಒಂಟಿ ಸಾಲು. ಸಸಿಗಳು ಎರಡು, ಎರಡೂವರೆ ಅಡಿ ಎತ್ತರ ಇದ್ದವು. ನೋಡಲು ಚೆಂದ. ಎತ್ತರ ನೋಡಿ ಖುಷಿಪಟ್ಟಿದ್ದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ನೀರಿಗೆ ಇನ್‌ಲೈನ್ ಡ್ರಿಪ್ ಪೈಪು ಎಳೆದೆ. ಪೈಪಿನ ಒಳಗೇ ಡ್ರಿಪ್ಪರ್ ಇರುತ್ತದಲ್ಲ, ಅದು. ಅಂಗಡಿಯವರು ಎರಡಡಿಗೊಂದು ಡ್ರಿಪ್ಪರ್ ಇರುವ ಪೈಪು ಅಂದರು. ಗಿಡವೂ ಎರಡಡಿಗೊಂದು, ಲೆಕ್ಕ ಸರಿಹೋಯಿತು ಅಂದುಕೊಂಡೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್. ದಿನಾ 15 ನಿಮಿಷ, ಅಂದರೆ ಗಿಡಕ್ಕೆ ಒಂದು ಲೀಟರ್.

ನಮ್ಮ ಬಯಲುಸೀಮೆಯಲ್ಲಿ ಜೂನ್, ಜುಲೈ ಅಂದರೆ ಗಾಳಿ ಜಾಸ್ತಿ, ಮಳೆ ಕಡಿಮೆ. ಮೋಡ ತಲೆ ಮೇಲೆ ಹಾದುಹೋಗುತ್ತದೆ, ಸೋನೆ ಬಿದ್ದರೆ ಬಿತ್ತು. ಗಟ್ಟಿ ಮಳೆ ಬರುವುದು ಆಮೇಲೆ. ಆ ವರ್ಷ ಆಮೇಲೂ ಬರಲಿಲ್ಲ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅನ್ನುತ್ತಾರೆ. 2023ರಲ್ಲಿ ಮಘೆ ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. 1901ರಿಂದ ಇಟ್ಟಿರುವ ಮಳೆ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆ ಸಲ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಜುಲೈ ಕೊನೆಗೆ ಎಲೆ ಮಂಕಾಗಲು ಶುರುವಾದಾಗ ನಾನು ಮಾಡಿದ ಮೊದಲ ಕೆಲಸ ಯೂರಿಯಾ ಹಾಕಿದ್ದು. ಗಿಡಕ್ಕೆ 20 ಗ್ರಾಂನಷ್ಟು. ಇದು ದೊಡ್ಡ ತಪ್ಪು. ಬಾಯಾರಿದ ಬೇರಿನ ಸುತ್ತ ಉಪ್ಪಿನ ಹಾಗೆ ಕೆಲಸ ಮಾಡುವ ಗೊಬ್ಬರ ಸುರಿದರೆ ಬೇರು ನೀರು ಎಳೆದುಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ. ನೀರು ಸಿಗುತ್ತಿದ್ದ ಗಿಡಗಳು ಮೆತ್ತನೆಯ ಚಿಗುರು ತೆಗೆದವು, ಆ ಚಿಗುರು ಮಧ್ಯಾಹ್ನದ ಗಾಳಿಗೆ ಜೋತು ಬಿತ್ತು. ನೆಟ್ಟ ಮೊದಲ ಮಳೆಗಾಲದಲ್ಲಿ, ಅದರಲ್ಲೂ ಸೊರಗಿದ ಗಿಡಕ್ಕೆ, ಯಾವ ರಸಗೊಬ್ಬರವೂ ಬೇಡ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಅಗೆದು ನೋಡಿದ ದಿನ

ಆಗಸ್ಟ್ 26ಕ್ಕೆ ವಾಪಸ್ ಬರುತ್ತೇನೆ. ಗಿಡ ಎಣಿಸುವಾಗ ಬರೀ ಸಂಖ್ಯೆ ಬರೆಯದೆ, ಎಷ್ಟನೇ ಗಿಡ ಅಂತ ಗುರುತು ಹಾಕಿಕೊಂಡಿದ್ದೆ. ಸಂಜೆ ಜಗಲಿ ಮೇಲೆ ಕೂತು ನೋಡಿದಾಗ ಒಂದು ವಿಚಿತ್ರ ಕಂಡಿತು. ಎಲೆ ಉದುರಿಸಿದ 58 ಗಿಡಗಳಲ್ಲಿ 54 ಮೂರೇ ಕಡೆ ಗುಂಪಾಗಿದ್ದವು. 20ರಿಂದ 44ರವರೆಗೆ ಒಂದು ಗುಂಪು, 83ರಿಂದ 107ರವರೆಗೆ ಇನ್ನೊಂದು, ಕೊನೆಯ ಹತ್ತು ಹನ್ನೊಂದು ಗಿಡಗಳದ್ದು ಮೂರನೆಯದು. ನಡುನಡುವೆ ಇದ್ದ ಗಿಡಗಳು ಸುಮಾರಾಗಿ ಚೆನ್ನಾಗಿದ್ದವು. ರೋಗ ಆಗಿದ್ದರೆ ಹೀಗೆ ಅಳತೆ ಇಟ್ಟು ಬರುತ್ತದಾ?

ಮರುದಿನ ಪಕ್ಕದ ತೋಟದ ದೊಡ್ಡಪ್ಪ ಬಂದರು. ಸಂಬಂಧದಲ್ಲಿ ದೊಡ್ಡಪ್ಪ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆಯುತ್ತೇನೆ. ಸಾಲು ನೋಡಿ, ‘ನೀರು ಬಿಡು, ನೋಡೋಣ’ ಅಂದರು. ಬಿಟ್ಟೆ. ಹತ್ತು ನಿಮಿಷ ಸುಮ್ನೆ ನಿಂತಿದ್ದು, ಆಮೇಲೆ 33ನೇ ಗಿಡದ ಹತ್ತಿರ ಕೋಲು ಊರಿ ತೋರಿಸಿದರು.

‘ನೀನು ನೀರನ್ನ ಸಾಲಿಗೆ ಕೊಟ್ಟಿದೀಯ ಕಣಪ್ಪ, ಗಿಡಕ್ಕೆ ಕೊಟ್ಟಿಲ್ಲ.’

ಹೌದು. ಅಲ್ಲಿ ಡ್ರಿಪ್ಪರ್ ಎರಡು ಗಿಡಗಳ ಸರೀ ಮಧ್ಯಕ್ಕೆ ಬಿದ್ದಿತ್ತು, ಗಿಡದಿಂದ ಒಂದಡಿ ದೂರ. ಮೊದಲ ಗಿಡದ ಹತ್ತಿರ ಡ್ರಿಪ್ಪರ್ ಬುಡದಲ್ಲೇ ಇತ್ತು. ಟೇಪು ತಂದು ಅಳೆದಾಗ ಗುಟ್ಟು ಗೊತ್ತಾಯಿತು. ಅಂಗಡಿಯವರು ಎರಡಡಿ ಅಂದಿದ್ದು 60 ಸೆಂಟಿಮೀಟರ್. ನಾನು ಗಿಡ ನೆಟ್ಟಿದ್ದು ಅಡಿ ಟೇಪಿನಲ್ಲಿ. ಎರಡಡಿ ಅಂದರೆ 61ಕ್ಕೆ ಚೂರೇ ಕಡಿಮೆ. ಪ್ರತಿ ಗಿಡಕ್ಕೂ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಬೀಳುತ್ತಾ ಬೀಳುತ್ತಾ 32ನೇ ಗಿಡದ ಹೊತ್ತಿಗೆ ಪೂರಾ ಒಂದಡಿ ತಪ್ಪಿತ್ತು. 64ಕ್ಕೆ ಮತ್ತೆ ಕೂಡಿಕೊಂಡಿತ್ತು, 95ಕ್ಕೆ ಮತ್ತೆ ಮಧ್ಯಕ್ಕೆ. ನೋಟ್‌ಬುಕ್ಕಿನ ಗುಂಪುಗಳಿಗೂ ಇದಕ್ಕೂ ತಾಳೆ ಆಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ಒಂದಡಿ ದೂರ ಅಂದರೆ ಏನು ಮಹಾ? ಎರಡೂವರೆ ತಿಂಗಳಲ್ಲಿ ಬೇರು ಅಷ್ಟು ದೂರ ಹೋಗಿರಬೇಕಲ್ವಾ? ಪೂರ್ತಿ ಸತ್ತಿದ್ದ 33ನೇ ಗಿಡವನ್ನು ಹಾರೆ ಹಾಕಿ ಎತ್ತಿದೆವು. ಸಲೀಸಾಗಿ ಬಂತು, ಮೊಳೆ ಕಿತ್ತ ಹಾಗೆ. ನರ್ಸರಿಯ ಪ್ಲಾಸ್ಟಿಕ್ ಪಾಕೀಟಿನಲ್ಲಿದ್ದ ಮಣ್ಣಿನ ಗಡ್ಡೆ ನೆಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಪ್ಲಾಸ್ಟಿಕ್ಕಿನ ಸುಕ್ಕಿನ ಗುರುತು ಕೂಡ ಅಳಿಸಿರಲಿಲ್ಲ. ಒಂದೇ ಒಂದು ಬೇರೂ ಹೊರಗೆ ಬಂದಿರಲಿಲ್ಲ. ತಳದಲ್ಲಿ ಪೆನ್ಸಿಲ್ ದಪ್ಪದ ಬೇರು ಸಿಂಬಿ ಸುತ್ತಿದ ಹಾಗೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಗಡ್ಡೆಯನ್ನು ಎರಡು ಹೋಳು ಮಾಡಿದೆ. ಒಳಗೆ ನಶ್ಯದ ಪುಡಿಯ ಹಾಗೆ ಒಣ ಮಣ್ಣು ಉದುರಿತು. ಗುಣಿಯ ಆಚೆ ಬದಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಆಗುತ್ತಿತ್ತು. ನೀರು ಅಲ್ಲೇ ಒಂದು ಗೇಣು ಆಚೆ ಇತ್ತು. ಗಿಡ ಬಾಯಾರಿ ಸತ್ತಿತ್ತು.

ನೆಟ್ಟ ಹೊಸದರಲ್ಲಿ ಗಿಡ ಬದುಕುವುದು ನಮ್ಮ ಹೊಲದ ಮಣ್ಣಿನಲ್ಲಲ್ಲ, ಪಾಕೀಟಿನ ಜೊತೆ ಬಂದ ಆ ಹಿಡಿ ಮಣ್ಣಿನಲ್ಲಿ. ಬೇರು ಹೊರಗೆ ಕಾಲಿಡುವವರೆಗೆ ಅದೊಂದೇ ಅದರ ಅನ್ನದ ತಟ್ಟೆ. ಆ ಮಣ್ಣಿನಲ್ಲಿ ತೆಂಗಿನ ನಾರಿನ ಪುಡಿ ಇದ್ದರೆ ಇನ್ನೂ ಕಷ್ಟ, ಒಮ್ಮೆ ಪೂರ್ತಿ ಒಣಗಿದರೆ ಅದು ಬೇಗ ನೀರು ಹಿಡಿಯುವುದಿಲ್ಲ. ಮೇಲಿನಿಂದ ಹೊಯ್ದ ನೀರು ಗಡ್ಡೆಯ ಪಕ್ಕದಿಂದ ಜಾರಿ ಸಡಿಲ ಮಣ್ಣಿಗೆ ಇಳಿದುಬಿಡುತ್ತದೆ. ಮೇಲೆ ಒದ್ದೆ ಕಾಣುತ್ತದೆ, ಒಳಗೆ ಒಣ. ಸಸಿಗಳು ಆ ಸಣ್ಣ ಪಾಕೀಟಿನಲ್ಲೇ ಬಹಳ ದಿನ ಕಳೆದಿದ್ದವು. ಎತ್ತರ ಬಂದಿದ್ದು ಅದಕ್ಕೇ. ಕೊಳ್ಳುವಾಗ ಒಂದು ಪಾಕೀಟು ಹರಿದು ಬೇರು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಗುಂಪಿನ ಹೊರಗೆ ಒಣಗಿದ್ದ ನಾಲ್ಕು ಗಿಡಗಳ ಕಥೆ ಬೇರೆ. ಜೆಸಿಬಿ ತೆಗೆದ ಕಾಲುವೆಯ ಸಡಿಲ ಮಣ್ಣು ಕುಸಿದು ಅವು ನಾಲ್ಕು ಬೆರಳು ಕೆಳಗಿಳಿದಿದ್ದವು. ಮೇಲಿನ ಮಣ್ಣು ಕೊಚ್ಚಿ ಬಂದು ಕಾಂಡದ ಬುಡ ಮುಚ್ಚಿತ್ತು. ತೊಗಟೆ ಕೊಳೆತು ಕೈಗೆ ಬಂತು. ಕಾಲುವೆ ತೋಡಿ ನೆಡುವವರು ಮಣ್ಣು ತುಂಬಿಸಿದ ಮೇಲೆ ಒಂದೆರಡು ಸಲ ನೀರು ಹಾಯಿಸಿ, ಮಣ್ಣು ಕೂತ ಮೇಲೇ ಗಿಡ ಇಡಬೇಕು.

ಸತ್ತಿದ್ದು ಯಾವುದು, ಬದುಕಿದ್ದು ಯಾವುದು

ಎಲೆ ಉದುರಿದ ಕವಳೆಯೆಲ್ಲ ಸತ್ತಿರುವುದಿಲ್ಲ. ನೀರಿಲ್ಲದಾಗ ಎಲೆ ಬಿಡುವುದು ಗಿಡ ಜೀವ ಹಿಡಿದುಕೊಳ್ಳುವ ದಾರಿ. ಹೆಬ್ಬೆರಳ ಉಗುರಿನಿಂದ ತೊಗಟೆ ಒಂದಿಷ್ಟೇ ಕೆರೆದೆ, ಮೊದಲು ತುದಿಯಲ್ಲಿ, ಆಮೇಲೆ ಕೆಳಕೆಳಗೆ. ಒಳಗೆ ಹಸಿರು ಇದ್ದು ತೇವ ಇದ್ದರೆ ಜೀವ ಇದೆ. ಕವಳೆಯಲ್ಲಿ ಇನ್ನೊಂದು ಅನುಕೂಲ, ಹಾಲು. 32ನೇ ಗಿಡ ನೋಡಲು ಒಣಕಡ್ಡಿ. ತುದಿ ಕೆರೆದರೆ ಕಂದು, ಮಧ್ಯ ಕೆರೆದರೆ ಕಂದು. ನೆಲದಿಂದ ಮೂರು ಬೆರಳು ಮೇಲೆ ಕೆರೆದು ಕಾದೆ. ಒಂದು ಸಾಸಿವೆ ಕಾಳಿನಷ್ಟು ಬಿಳಿ ಹಾಲು ನಿಧಾನಕ್ಕೆ ಮೂಡಿತು. ಆ ಖುಷಿ ಹೇಳಲಾರೆ.

58ರಲ್ಲಿ 39 ಗಿಡಗಳಲ್ಲಿ ಹಾಲೋ ಹಸಿರೋ ಸಿಕ್ಕಿತು, 19 ಹೋಗಿದ್ದವು. ಬದುಕಿದ್ದ ಗಿಡಗಳಿಗೆ ಹಳೇ ಸೀರೆಯ ಕೆಂಪು ಚೂರು ಕಟ್ಟಿದೆ. ಒಣ ಕಡ್ಡಿಗಳನ್ನು ಆಗಲೇ ಕತ್ತರಿಸಲಿಲ್ಲ. ಎಲ್ಲಿಂದ ಚಿಗುರುತ್ತದೆ ಅಂತ ಗಿಡವೇ ತೋರಿಸಲಿ ಅಂತ ಬಿಟ್ಟೆ. ಸೊರಗಿದ ಗಿಡವನ್ನು ಗಾಬರಿಯಲ್ಲಿ ಕತ್ತರಿಸಬೇಡಿ.

ರಿಪೇರಿ

ಮೊದಲು ಒಣಗಿದ ಗಡ್ಡೆಗೆ ನೀರು ಹಿಡಿಸಬೇಕಿತ್ತು. ಸೈಕಲ್ ಚಕ್ರದ ಹಳೇ ಕಡ್ಡಿಯಿಂದ ಪ್ರತಿ ಗಡ್ಡೆಯಲ್ಲಿ ನಾಲ್ಕೈದು ಕಡೆ ಹುಷಾರಾಗಿ ತೂತು ಚುಚ್ಚಿದೆ. ಗಿಡದ ಸುತ್ತ ಒಂದು ಗೇಣಿನ ಸಣ್ಣ ಪಾತಿ ಮಾಡಿದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಒಂದು ಲೀಟರ್ ಬಾಟಲಿಯನ್ನು ಬುಡದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಹನಿ ಹನಿಯಾಗಿ ಒಂದು ಬಾಟಲಿ ಇಳಿಯಲು ಅರ್ಧ ಗಂಟೆ. ಹಾಗೆ ಮೂರು ಬಾಟಲಿ. 20 ಬಾಟಲಿ ಇಟ್ಟುಕೊಂಡು ಸಾಲು ಸಾಲಾಗಿ ಸರಿಸುತ್ತಾ ಹೋದೆ. 39 ಗಿಡಕ್ಕೆ ಎರಡು ದಿನ ಹಿಡಿಯಿತು. ಬೇಸರದ ಕೆಲಸ ನಿಜ. ಆದರೆ ಈ ಇಡೀ ರಿಪೇರಿಯಲ್ಲಿ ಒಂದೇ ಕೆಲಸ ಮಾಡಲು ಬಿಟ್ಟರೆ ನಾನು ಇದನ್ನೇ ಮಾಡುತ್ತೇನೆ.

ಇನ್‌ಲೈನ್ ಪೈಪು ಸುತ್ತಿ ತರಕಾರಿ ಮಡಿಗೆ ಹಾಕಿದೆ. ಬೇಲಿಗೆ 16 ಎಂಎಂ ಪ್ಲೇನ್ ಪೈಪು ಎಳೆದು, ಗಿಡ ಇರುವ ಜಾಗದಲ್ಲೇ ತೂತು ಹೊಡೆದು, ಹೊರಗಿನಿಂದ ಸಿಕ್ಕಿಸುವ ಡ್ರಿಪ್ಪರ್ ಹಾಕಿದೆ. ಪ್ರತಿ ಡ್ರಿಪ್ಪರಿಗೆ ಒಂದಡಿ ಮೈಕ್ರೋ ಟ್ಯೂಬ್, ಅಂದರೆ ಸಣ್ಣ ಕೊಳವೆ, ಸಿಕ್ಕಿಸಿ, ತುದಿಯನ್ನು ಗಡ್ಡೆಯ ಮೇಲೇ ಕೂರಿಸಿದೆ. ಟ್ಯೂಬ್ ಯಾಕೆ ಅಂದರೆ, ಗಿಡ ಬೆಳೆದ ಹಾಗೆ ನೀರು ಬೀಳುವ ಜಾಗವನ್ನು ಹೊರಗೆ ಸರಿಸಬಹುದು. ಕೊನೆಗೆ ಕೆಲಸಕ್ಕೆ ಬಂದಿದ್ದು ಈ ಟ್ಯೂಬೇ.

ನೀರಿನ ಕ್ರಮ ಬದಲಾಯಿತು. ಮೊದಲ ಎರಡು ವಾರ ದಿನ ಬಿಟ್ಟು ದಿನ ಅರ್ಧ ಗಂಟೆ. ಆಮೇಲೆ ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ. ನವೆಂಬರ್‌ನಿಂದ ವಾರಕ್ಕೊಮ್ಮೆ ಎರಡು ಗಂಟೆ, ಆಗ ಟ್ಯೂಬ್ ತುದಿ ಕಾಂಡದಿಂದ ಅರ್ಧ ಅಡಿ ಆಚೆ. ದಿನಾ ಚೂರು ಚೂರು ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ ಹೊಟ್ಟೆ ತುಂಬ ಕೊಟ್ಟರೆ ನೀರಿನ ಹಿಂದೆ ಕೆಳಗಿಳಿಯುತ್ತದೆ. ಆದರೆ ಇದನ್ನು ಗಿಡ ಚೇತರಿಸಿಕೊಂಡ ಮೇಲೆ ಮಾಡಬೇಕು, ಸಾಯುತ್ತಿರುವಾಗಲ್ಲ. ಪ್ರತಿ ಸಲ ವಾಲ್ವ್ ತಿರುಗಿಸುವ ಮೊದಲು ಎರಡು ಮೂರು ಗಿಡದ ಹತ್ತಿರ ಬೆರಳು ಇಳಿಸಿ ನೋಡುತ್ತಿದ್ದೆ. ಎರಡನೇ ಗೆಣ್ಣಿನವರೆಗೆ ತಂಪು ಇದ್ದರೆ ಅವತ್ತು ನೀರಿಲ್ಲ.

ಗಾಳಿಗೆ ಅಲ್ಲಾಡಿ ಬುಡದಲ್ಲಿ ಸಂದು ಬಿಟ್ಟಿದ್ದ ಗಿಡಗಳಿಗೆ ಮಣ್ಣು ಒತ್ತಿ, ಒಂದು ಗಳ ನೆಟ್ಟು ಸಡಿಲವಾಗಿ ಕಟ್ಟಿದೆ. ಅಲ್ಲಾಡುವ ಗಿಡದ ಎಳೇ ಬೇರು ಮಣ್ಣು ಹಿಡಿಯುವ ಮೊದಲೇ ಹರಿಯುತ್ತದೆ.

ಹೊದಿಕೆಗೆ ನಮ್ಮ ಸೀಮೆಯಲ್ಲಿ ಕೊರತೆ ಇಲ್ಲ. ಕೊಬ್ಬರಿ ಮಾಡುವ ಊರಿನಲ್ಲಿ ಕಾಯಿ ಮಟ್ಟೆ ರಾಶಿ ಬಿದ್ದಿರುತ್ತದೆ. ಮಟ್ಟೆಯ ಉಬ್ಬಿದ ಬೆನ್ನು ಮೇಲೆ ಬರುವ ಹಾಗೆ ಸಾಲಿನ ಎರಡೂ ಬದಿ ಜೋಡಿಸಿದೆ. ಕಾಂಡದಿಂದ ನಾಲ್ಕು ಬೆರಳು ಜಾಗ ಬಿಟ್ಟೆ. ಮಟ್ಟೆ ಹಾಕಿದ ವಾರಕ್ಕೇ ಬೆರಳಿಗೆ ವ್ಯತ್ಯಾಸ ಗೊತ್ತಾಯಿತು.

ಸಗಣಿ, ಗಂಜಲ, ಬೆಲ್ಲ ಕಲೆಸಿ ಹುಳಿಸಿದ ಜೀವಾಮೃತ ಹಾಕು ಅಂತ ತುಂಬ ಜನ ಹೇಳಿದರು. ಅದರ ಮೇಲೆ ನನಗೆ ನಂಬಿಕೆ ಇದೆ, ತೆಂಗಿಗೆ ಹಾಕುತ್ತೇನೆ. ಆದರೆ ನೀರೇ ತಲುಪದ ಬೇರಿಗೆ ಅದು ಔಷಧಿ ಅಲ್ಲ. ಅಕ್ಟೋಬರ್‌ನಲ್ಲಿ ಚಿಗುರು ಬಂದ ಮೇಲೆ ತಿಂಗಳಿಗೊಮ್ಮೆ ತೆಳ್ಳಗೆ ಮಾಡಿ ಹಾಕಿದೆ.

ಸೆಪ್ಟೆಂಬರ್ 19, ಮೊದಲ ಚಿಗುರು. ಗಣೇಶನ ಹಬ್ಬದ ಆಸುಪಾಸು. 41ನೇ ಗಿಡದ ಬುಡದಲ್ಲಿ ಅಕ್ಕಿ ಕಾಳಿನಷ್ಟು ಕೆಂಪು ಮೊಗ್ಗು. ಅಕ್ಟೋಬರ್ ಕೊನೆಗೆ 39ರಲ್ಲಿ 33 ಚಿಗುರಿದ್ದವು. ಆಗ ಒಣಕಡ್ಡಿಯನ್ನು ಜೀವ ಇರುವ ಜಾಗದವರೆಗೆ ಕತ್ತರಿಸಿದೆ. ಉಳಿದ ಆರು ಚಿಗುರಲೇ ಇಲ್ಲ.

ಗೆದ್ದಲು, ಮೇಕೆ, ಬೇಸಿಗೆ

ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಮೂರು ಗಿಡ ಇದ್ದಕ್ಕಿದ್ದಂತೆ ಬಾಡಿದವು. ಬುಡ ನೋಡಿದರೆ ಮಣ್ಣಿನ ಸುರಂಗ ಕಾಂಡ ಹತ್ತಿತ್ತು. ಗೆದ್ದಲು. ಮಟ್ಟೆ ಜಾರಿ ಕಾಂಡಕ್ಕೆ ತಾಗಿದ್ದ ಕಡೆಯೇ ಹತ್ತಿತ್ತು. ಮೂರೂ ಉಳಿಯಲಿಲ್ಲ. ಉಳಿದ ಸಾಲಿನ ಮಟ್ಟೆಯನ್ನೆಲ್ಲ ಹಿಂದಕ್ಕೆ ಸರಿಸಿ, ಸುರಂಗ ಕಂಡಲ್ಲಿ ಕೆರೆದು, ಬುಡಕ್ಕೆ ಒಂದೊಂದು ಹಿಡಿ ಬೇವಿನ ಹಿಂಡಿ ಬೆರೆಸಿದೆ. ಒಣ ಮಟ್ಟೆ ಗೆದ್ದಲಿಗೆ ಹಬ್ಬದೂಟ. ಹಾಗಂತ ಹೊದಿಕೆ ಬಿಡುವುದು ಬೇಡ, ನಾಲ್ಕು ಬೆರಳಿನ ಜಾಗ ಬಿಡುವುದನ್ನು ಮಾತ್ರ ಮರೆಯಬಾರದು. ತಿಂಗಳಿಗೊಮ್ಮೆ ನೋಡಬೇಕು.

ಮುಳ್ಳು ಬಲಿಯುವವರೆಗೆ ಕವಳೆಯ ಚಿಗುರು ಮೇಕೆಗೆ ತಿಂಡಿ. ಆಚೆ ಬದಿಗೆ ಜಾಲಿ ಮುಳ್ಳು ಒಟ್ಟಿದೆ. ಬೇಲಿಗೆ ಬೇಲಿ ಹಾಕಬೇಕಾ ಅಂತ ಕೇಳಿದವರಿದ್ದಾರೆ. ಹಾಕಬೇಕು, ಎರಡು ವರ್ಷ.

2024ರ ಬೇಸಿಗೆ ಬಹಳ ಕೆಟ್ಟದಾಗಿತ್ತು. ಬೋರ್‌ವೆಲ್ ನೀರು ಅರ್ಧಕ್ಕೆ ಇಳಿಯಿತು, ತೆಂಗಿಗೇ ಸಾಲುತ್ತಿರಲಿಲ್ಲ. ಬೇಲಿಗೆ ಐದು ದಿನಕ್ಕೊಮ್ಮೆ ಒಂದು ಗಂಟೆ, ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ. ಮಾರ್ಚ್‌ನಿಂದ ಮೇವರೆಗೆ ಪಡುವಣ ಬದಿಗೆ ತೆಂಗಿನ ಸೋಗೆ ಓರೆಯಾಗಿ ನಿಲ್ಲಿಸಿದೆ, ಮಧ್ಯಾಹ್ನ ಮೇಲಿನ ಬಿಸಿಲು ನೇರ ಬೀಳದಿರಲಿ ಅಂತ. ಆ ಬೇಸಿಗೆಯಲ್ಲಿ ಒಂದು ಗಿಡವೂ ಹೋಗಲಿಲ್ಲ. ಹಿಂದಿನ ವರ್ಷ ಮಳೆಗಾಲದಲ್ಲಿ ಸೋತಿದ್ದ ಸಾಲು, ಆ ವರ್ಷ ಏಪ್ರಿಲ್ ಬಿಸಿಲಿನಲ್ಲಿ ನಿಂತಿತು.

ಕತ್ತರಿ ಮತ್ತು ಖಾಲಿ ಜಾಗ

ಮೇ ಮಳೆ ಬಂದು ಗಿಡಗಳು ಹಸಿರಾದ ಮೇಲೆ, ಜೂನ್ ಮೊದಲ ವಾರ ಮೋಡ ಇದ್ದ ದಿನ ನೋಡಿ, ಉಳಿದಿದ್ದ 127 ಗಿಡಗಳನ್ನೂ ನೆಲದಿಂದ ಒಂದಡಿಗೆ ಕತ್ತರಿಸಿದೆ. ಎರಡೂವರೆ ಅಡಿ ಇದ್ದವನ್ನೂ ಬಿಡಲಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿದ ಗಿಡಕ್ಕೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಆದರೆ ಎತ್ತರ ಬಿಟ್ಟರೆ ಬುಡ ಬರಿದಾಗುತ್ತದೆ. ಕಾಡುಹಂದಿ ನುಗ್ಗುವುದು ಬುಡದಲ್ಲಿ. ಬುಡದ ಸಂದು ಆಮೇಲೆ ಏನು ಮಾಡಿದರೂ ಮುಚ್ಚುವುದಿಲ್ಲ. ಕತ್ತರಿಸಿದ ಪ್ರತಿ ಕಡ್ಡಿಯಲ್ಲೂ ಮೂರು ನಾಲ್ಕು ಕವಲು ಬಂದವು. ಹಾಲು ಕತ್ತರಿಗೂ ಕೈಗೂ ಅಂಟುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕಣ್ಣು ಉಜ್ಜಿಕೊಳ್ಳಬೇಡಿ.

ಸತ್ತ 28 ಗಿಡಗಳ ಜಾಗಕ್ಕೆ ಹೊಸ ಸಸಿ ಬೇಕಿತ್ತು. ಈ ಸಲ ಬೇರೆ ನರ್ಸರಿಗೆ ಹೋಗಿ, ಒಂದು ಪಾಕೀಟು ದುಡ್ಡು ಕೊಟ್ಟು ಅಲ್ಲೇ ಹರಿದು ನೋಡಿದೆ. ಬಿಳಿ ಎಳೇ ಬೇರು, ಸುತ್ತು ಇಲ್ಲ. ಸಸಿ ಒಂದಡಿಯೂ ಇರಲಿಲ್ಲ. ಅಂಥದ್ದೇ ತಂದೆ. ಬೇಲಿಗೆ ಎತ್ತರದ ಹಳೇ ಸಸಿಗಿಂತ ಚಿಕ್ಕ ಹೊಸ ಸಸಿ ಎಷ್ಟೋ ವಾಸಿ, ಬೆಲೆಯೂ ಕಡಿಮೆ.

ನೆಟ್ಟಿದ್ದೂ ಜೂನ್‌ನಲ್ಲಲ್ಲ. ಆಶ್ಲೇಷ ಮಳೆವರೆಗೆ ಕಾದು ಆಗಸ್ಟ್ ಮೊದಲ ವಾರ ಇಟ್ಟೆ. ಆಷಾಢದ ಗಾಳಿ ಕಳೆದಿರುತ್ತದೆ, ನಮ್ಮ ಸೀಮೆಯ ಗಟ್ಟಿ ಮಳೆ ಮುಂದೆ ಇರುತ್ತದೆ. ಮಲೆನಾಡಿನವರು ಜೂನ್‌ನಲ್ಲಿ ನೆಟ್ಟರೆ ಸರಿ. ನಮಗೆ ಆ ಪಂಚಾಂಗ ಹೊಂದುವುದಿಲ್ಲ.

ನೆಡುವ ಮೊದಲು ಪಾಕೀಟು ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಟ್ಟೆ. ಪಾಕೀಟು ಬಿಚ್ಚಿ, ತಳದ ಒಂದು ಬೆರಳು ಮಣ್ಣನ್ನು ಬ್ಲೇಡಿನಿಂದ ಕೊಯ್ದು ತೆಗೆದೆ. ಗಡ್ಡೆಯ ಮೂರು ಬದಿಗೆ ಮೇಲಿನಿಂದ ಕೆಳಗೆ ಅರ್ಧ ಬೆರಳು ಆಳದ ಗೀರು ಹಾಕಿದೆ. ಕತ್ತರಿಸಿದಲ್ಲಿ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಗಡ್ಡೆಯ ಮೇಲ್ಮೈ ನೆಲಕ್ಕೆ ಸಮ ಇರುವ ಹಾಗೆ ಇಟ್ಟು, ಕಾಲಿನಿಂದ ಮೆಟ್ಟದೆ ಕೈಯಿಂದ ಒತ್ತಿ, ಎರಡು ಕೊಡ ನೀರು ಹೊಯ್ದು ಮಣ್ಣು ಕೂರಿಸಿದೆ. 28ರಲ್ಲಿ 26 ಹಿಡಿದವು. ಉಳಿದ ಎರಡನ್ನು ಈ ವರ್ಷ ತುಂಬಿಸಿದೆ.

ಈಗ

2025ರ ಸೆಪ್ಟೆಂಬರ್ ಇದು. ಹಳೇ ಗಿಡಗಳು ಮೂರೂವರೆ ಅಡಿ, ಹೊಸವು ಎರಡಡಿ ಇವೆ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇನೆ, ಬುಡ ಅಗಲ, ತಲೆ ಕಿರಿದು ಇರುವ ಹಾಗೆ. ತಲೆ ಅಗಲವಾದರೆ ಕೆಳಗಿನ ಕವಲಿಗೆ ಬಿಸಿಲು ಬೀಳದೆ ಅದು ಒಣಗುತ್ತದೆ. ಮಾರ್ಚ್‌ನಲ್ಲಿ 11 ಗಿಡಗಳು ಹೂ ಬಿಟ್ಟವು. ಬಿಳಿ ಹೂ, ಮಲ್ಲಿಗೆಯಂಥ ವಾಸನೆ. ಕಾಯಿ ಒಂದು ಬಟ್ಟಲೂ ಆಗಲಿಲ್ಲ. ಅದನ್ನೇ ಉಪ್ಪು ಹಾಕಿ ದೊಡ್ಡಪ್ಪನ ಮನೆಗೆ ಕೊಟ್ಟು ಬಂದೆ. 60ರಿಂದ 75ರವರೆಗಿನ ಗಿಡಗಳ ನಡುವೆ ಈಗ ಕೈ ತೂರಿಸಲು ಆಗುವುದಿಲ್ಲ. 83ರಿಂದ 107ರವರೆಗೆ ಇನ್ನೂ ಒಂದು ವರ್ಷ ಬೇಕು.

ಹೋದ ಭಾನುವಾರ 32ನೇ ಗಿಡದ ಹತ್ತಿರ ಸನಿಕೆ ಹಿಡಿದು ಕೂತೆ. ಕಾಂಡದಿಂದ ಒಂದೂವರೆ ಅಡಿ ಆಚೆ, ಮಟ್ಟೆ ಸರಿಸಿ, ಮೆಲ್ಲಗೆ ಒಂದು ಗೇಣು ಅಗೆದೆ. ಗರಸಿನ ಕಲ್ಲುಗಳ ನಡುವೆ ದಾರದ ಹಾಗೆ ಕಂದು ಬೇರು, ಅದರ ತುದಿ ಬೆಳ್ಳಗೆ. ಉಗುರು ತಾಗಿದ ಕಡೆ ಹಾಲು ಬಂತು. ಮಣ್ಣು ಮುಚ್ಚಿ, ಮಟ್ಟೆ ವಾಪಸ್ ಇಟ್ಟೆ. ಹಳೇ ಗಿಡಗಳ ಮೈಕ್ರೋ ಟ್ಯೂಬುಗಳನ್ನೆಲ್ಲ ಬಿಚ್ಚಿ, ತೊಳೆದು, ಸುತ್ತಿ ಶೆಡ್ಡಿನಲ್ಲಿ ತೂಗುಹಾಕಿದ್ದೇನೆ. ಮುಂದಿನ ಆಶ್ಲೇಷಕ್ಕೆ ತೆಂಕಣ ಬದು ಶುರು ಮಾಡಬೇಕು, ಅಲ್ಲಿಗೆ ಬೇಕಾಗುತ್ತದೆ.